ಮೂರನೆಯ ಏಟು

೧೯೭೯ರಲ್ಲಿ, ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಕತೆ ಕಟ್ಟುವಷ್ಟು ಓದಿದವನಲ್ಲ; ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಹದಿನೈದು ವರ್ಷ ಬಾವಿ ತೋಡಿದವನು ನಾನು. ಬಂಡೆ ಸಿಕ್ಕರೆ ಒಬ್ಬ ಉಳಿ ಹಿಡಿಯುತ್ತಾನೆ, ಒಬ್ಬ ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ನಮ್ಮ ತಂಡದ ರೂಢಿ ಮೂರು ಏಟು, ಆಮೇಲೆ ಉಳಿ ತಿರುಗಿಸಲು ಒಂದು ಬಿಡುವು. ಬೇರೆ ತಂಡದವರು ಹಾಗೆ ಹೊಡೆಯುವುದಿಲ್ಲ.

ಮಹಾರಾಷ್ಟ್ರದಲ್ಲಿ ಭೂಮಿ ನಡುಗಿ ಊರೂರೇ ನೆಲಕಚ್ಚಿದ ಮರುವರ್ಷ. ಅಕ್ಕಿಹೆಬ್ಬಾಳಿನ ಹತ್ತಿರ, ನಾವು ತೋಡಿ ನೀರು ಬರದೆ ಬಿಟ್ಟಿದ್ದ ಬಾವಿ ಹುಡುಕಿಕೊಂಡು ನಾಗಮಂಗಲ ಕಡೆಯ ರಮೇಶ ಬಂದ. ವಿಶ್ವವಿದ್ಯಾಲಯದಲ್ಲಿ ಭೂಕಂಪದ ಮೇಲೆ ಸಂಶೋಧನೆ ಮಾಡುತ್ತಿದ್ದ. ತಳದ ಬಂಡೆಯ ಮೇಲೆ ಯಂತ್ರ ಕೂರಿಸಿ, ತಂತಿಯನ್ನು ಮೇಲಿನ ಗುಡಿಸಲಿಗೆ ಎಳೆದ. ಅಲ್ಲಿ ತಿರುಗುವ ಉರುಳೆಗೆ ಕಾಗದ ಸುತ್ತಿತ್ತು. ನೆಲ ಕೊಂಚ ಅದುರಿದರೂ ಮುಳ್ಳು ಗೆರೆ ಎಬ್ಬಿಸುತ್ತಿತ್ತು. ರಾತ್ರಿ ಅಲ್ಲಿ ಯಾರೂ ಸುಳಿಯದಂತೆ ಕಾಯುವುದು ನನ್ನ ಕೆಲಸ.

ನಾಲ್ಕನೇ ಬೆಳಿಗ್ಗೆ ಅವನು ಕಾಗದ ಹಿಡಿದು ಬಂದ.

"ಅಣ್ಣೋ, ರಾತ್ರಿ ಎರಡು ಗಂಟೇಲಿ ಬಾವಿ ತಾವ ಓಡಾಡ್ತೀರಾ? ದಿನಾ ಇದೇ ಗುರುತು. ನಮ್ ಮೇಷ್ಟ್ರು ಎಲ್ಲಾನೂ ಕಸಕ್ಕೆ ಆಕ್ತಾರೆ."

"ಏನ್ಲಾ ತಮ್ಮ, ನಾನೇನು ನಿದ್ದೇಲಿ ನಡೆಯೋ ಆಸಾಮಿನಾ? ಕೆಲ್ಸದಲ್ಲಿ ಸುಳ್ಳು ಏಳಿದೋನಲ್ಲ ಕಣ್ಲಾ. ಇವತ್ತು ನನ್ ಪಕ್ಕದಲ್ಲೇ ಕುಂತ್ಕೊ. ತಪ್ಪು ನಂದಾದ್ರೆ ನಾಳಿಂದ ಕರೀಬ್ಯಾಡ."

ಕೂತೆವು. ಲಾಟೀನಿನ ಸೀಮೆಎಣ್ಣೆ ವಾಸನೆ... ಹೊಳೆ ಕಡೆಯಿಂದ ಕಪ್ಪೆಗಳ ಸದ್ದು... ಎರಡು ಗಂಟೆಗೆ ಆ ಸದ್ದು ನಿಂತಿತು.

ಮುಳ್ಳು ಎದ್ದಿತು. ಒಂದು. ಎರಡು. ಮೂರು... ಬಿಡುವು. ಮತ್ತೆ ಮೂರು...

ಆ ಕಾಗದ ಓದಲು ನನಗೆ ಬಾರದು. ಆದರೆ ಆ ಬಿಡುವು ಗೊತ್ತು.

ರಮೇಶ ಪಿಸುಗುಟ್ಟಿದ. "ಅಣ್ಣ, ಮೇಲಿಂದ ಕುಟ್ಟಿದ್ರೆ ಎಂಗ್ ಬರ್ತದೋ ನೋಡನ. ಎರಡೇ ಏಟು ಆಕಿ."

ಮುಳ್ಳು ನಿಂತ ಮೇಲೆ, ಗುಡಿಸಲ ಬಾಗಿಲ ಕಲ್ಲುಚಪ್ಪಡಿಗೆ ನನ್ನ ಸುತ್ತಿಗೆಯಲ್ಲಿ ಹೊಡೆದೆ. ಒಂದು. ಎರಡು. ಸುತ್ತಿಗೆಯನ್ನು ಹೆಗಲ ಮೇಲೇ ಹಿಡಿದು ನಿಂತೆ.

ಮುಳ್ಳು ಮೂರನೆಯ ಗೆರೆ ಎಬ್ಬಿಸಿತು... ಅಷ್ಟೇ ಎತ್ತರ, ಅಷ್ಟೇ ಅಂತರ.

ಆಮೇಲೆ ಏನೂ ಇಲ್ಲ. ನನ್ನ ಸರದಿಗೆ ಕಾದು ಕೂತ ಹಾಗೆ...

"ನೀವಲ್ಲ ಬುಡಿ ಅಣ್ಣ," ಅಂದ ರಮೇಶ. ಕಾಗದದ ಅಂಚಿನಲ್ಲಿ 'ಕಾರಣ ತಿಳಿಯದು' ಎಂದು ಬರೆದು, ಬೆಳಗಾಗುತ್ತಲೇ ಯಂತ್ರ ಎತ್ತಿಕೊಂಡು ಹೋದ.

ನನ್ನ ಮಾತು ಉಳಿಯಿತು. ಆದರೆ ಅಂದಿನಿಂದ ನಾನು ಯಾವ ಬಾವಿಗೂ ಇಳಿದಿಲ್ಲ.

ಈಗ ನನಗೆ ಎರಡು ಎಕರೆ ನಾಲೆ ನೀರಿನ ಜಮೀನಿದೆ. ನಾಲ್ಕು ಹಸು, ಒಂದು ಟ್ರಾಕ್ಟರು, ಒಂದು ತಾರಸಿ ಮನೆ. ಸುತ್ತಿಗೆ ಒಂದು. ಬಾವಿ ಇಲ್ಲ.