ಗುಂಡಿ ಡಬ್ಬಿಯ ಮಾತ್ರೆ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹಾಕುವವಳು ನನ್ನ ತಂಗಿಯ ಮಗಳು. ಎಲ್ಲರೂ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಾರೆ. ದಿನಕ್ಕೆ ಅಷ್ಟೊಂದು ಅಂಗಿ, ಒಂದು ಕಾಜಾವೂ ವಾರೆಯಾಗದು. ಕೈಗಿರುವ ಶಿಸ್ತು ತಲೆಗೂ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ. ಅವಳ ಪಕ್ಕದ ಬೆಂಚಿನಲ್ಲಿ ಕೂತು ಮಿಕ್ಕ ನೂಲು ಕತ್ತರಿಸುವುದು ನನ್ನ ಕೆಲಸ.

ಅವಳ ಯಂತ್ರದ ಕೆಳಗೆ ಒಂದು ಗುಂಡಿ ಡಬ್ಬಿ. ಒಳಗಿದ್ದದ್ದು ಮಾತ್ರೆ. ಯಾರಾದರೂ ಮಾತ್ರೆ ಪಟ್ಟಿ ತಂದರೆ ಅದನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ನೋವು ಬಂದವಳು ಬಣ್ಣ ನೋಡಿ ಎತ್ತಿ ನುಂಗುತ್ತಿದ್ದಳು. ಪಟ್ಟಿಯ ಮೇಲಿನ ಹೆಸರು ಅರ್ಧ ಅಲ್ಲಿ, ಅರ್ಧ ಇಲ್ಲಿ. ನನಗೆ ಓದು ಅಷ್ಟಕ್ಕಷ್ಟೆ, ಆದರೆ ಹೆಸರು ಇಲ್ಲ ಎನ್ನುವುದನ್ನು ಕಾಣಲು ಓದು ಯಾಕೆ ಬೇಕು? ಹೇಳಿದೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಈಚೆಗೆ ನಮ್ಮ ಗಡಿಬಿಡಿಯ ಭುಜ ಹಿಡಿದುಕೊಂಡಿತು. ಮೂಳೆ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದು, "ಬೇರೆ ಏನಾದ್ರೂ ಮಾತ್ರೆ ತಗೋತೀರಾ?" ಎಂದರು.

"ಏನೂ ಇಲ್ಲ ಸಾರ್," ಎಂದಳು ಇವಳು, ನಾನು ಪಕ್ಕದಲ್ಲೇ ಕೂತಿರುವಾಗ.

ಹೊರಗೆ ಬಂದ ಮೇಲೆ ಕೇಳಿದೆ, "ಅಲ್ವೇ, ಆ ಡಬ್ಬಿದು?"

"ಅದೂ ಒಂದು ಔಷಧಿನಾ ದೊಡ್ಡಮ್ಮ? ತಿಂಗಳಿಗೆ ಎರಡು ದಿನದ್ದು. ಗಂಡಸು ಡಾಕ್ಟರ ಮುಂದೆ ಅದನ್ನೆಲ್ಲ ಹೇಳ್ತಾರಾ?"

ಒಳಗೇ ಬಾಯಿಬಿಡದೆ ಕೂತ ನನ್ನದೂ ತಪ್ಪೇ. ಅವಳ ಮರ್ಯಾದೆ ಕಾಯಲು ಹೋಗಿ ಹೊಟ್ಟೆ ಕಾಯಲಿಲ್ಲ.

ಮುಂದಿನ ವಾರ ಅವಳ ದಿನಗಳು ಬಂದವು. ಬೆಳಿಗ್ಗೆ ಭುಜದ ಮಾತ್ರೆ, ಹತ್ತಕ್ಕೆ ಡಬ್ಬಿಯಿಂದ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೆ ಭುಜದ್ದು. ಎರಡನೆಯ ದಿನ ಹೊಟ್ಟೆಯಲ್ಲಿ ಬೆಂಕಿ ಎಂದಳು. ಮೂರನೆಯ ದಿನ ಕಕ್ಕಸಿನಿಂದ ಗೋಡೆ ಹಿಡಿದುಕೊಂಡು ಬಂದು ನನ್ನ ಕಿವಿಯಲ್ಲಿ, "ಡಾಂಬರಿನ ಹಾಗೆ ಕಪ್ಪಗೆ ಹೋಯ್ತು ದೊಡ್ಡಮ್ಮ," ಎಂದು ಯಂತ್ರದ ಮುಂದೆ ಕೂತುಬಿಟ್ಟಳು!

"ಏಳೇ!"

"ಇನ್ನೊಂದು ಕಟ್ಟು ಅಂಗಿ ಇದೆ..."

"ಅಂಗಿಗೆ ತೂತು ಹಾಕಿದ್ದು ಸಾಕು, ಹೊಟ್ಟೆಗೇ ಹಾಕ್ಕೊಂಡಿದೀಯ. ಏಳು!"

ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅವಳನ್ನು ಆಟೋದಲ್ಲಿ ಕೂರಿಸಿ ನೇರವಾಗಿ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಭುಜದ ಚೀಟಿ ಓದಿ, ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಹಣೆ ಹಿಡಿದುಕೊಂಡರು.

"ಭುಜಕ್ಕೆ ಕೊಟ್ಟಿದ್ದೂ ನೀನು ನುಂಗಿದ ಈ ಮಾತ್ರೆನೂ ಒಂದೇ ಜಾತಿ ನೋವಿನ ಮಾತ್ರೆ ಕಣಮ್ಮ. ಎರಡೂ ಸೇರಿ ಹೊಟ್ಟೆ ಒಳಗೆ ಗಾಯ ಮಾಡಿ ರಕ್ತ ಬರಿಸಿವೆ. ಇನ್ನೆರಡು ದಿನ ಹೀಗೇ ನುಂಗಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ಅಂಗಡಿಲಿ ಚೀಟಿ ಇಲ್ದೆ ಕೊಡ್ತಾರೆ ಅಂದ್ರೆ ಅದು ಔಷಧಿ ಅಲ್ಲ ಅಂತಾನಾ? ನೆಗಡಿ ಮಾತ್ರೆ ಇರಲಿ, ಜ್ವರದ್ದಿರಲಿ, ಎಲ್ಲದರ ಹೆಸರೂ ಹೇಳ್ಬೇಕು."

ನಾಲ್ಕು ದಿನ ಮಂಚದ ಮೇಲೆ, ಕೈಗೆ ಸೂಜಿ. ಭುಜದ ಮಾತ್ರೆಯೂ ನಿಂತಿತು, ಡಬ್ಬಿಯದೂ ನಿಂತಿತು. ನೋವು ಬಂದರೆ ಮೊದಲು ನನ್ನನ್ನು ಕೇಳಬೇಕು ಎಂದು ಹೇಳಿ ಡಾಕ್ಟರಮ್ಮ ಕಳಿಸಿದರು.

ಈಗ ಡಬ್ಬಿಯಲ್ಲಿ ಗುಂಡಿಯೇ ಇದೆ. ಮೊನ್ನೆ ಇಸ್ತ್ರಿಯವಳು ಹೊಟ್ಟೆ ಹಿಡಿದುಕೊಂಡು, ಯಾರ ಬಳಿಯಾದರೂ ಮಾತ್ರೆ ಇದೆಯಾ ಎಂದು ಕೇಳಿದಳು. ನಮ್ಮ ಗಡಿಬಿಡಿ ಯಂತ್ರ ನಿಲ್ಲಿಸಿಯೇಬಿಟ್ಟಳು.

"ಬೇರೆ ಏನು ತಗೋತಿದೀಯ?"

"ಏನೂ ಇಲ್ಲ ಕಣೆ."

"ಏನೂ ಇಲ್ಲ ಅಂತ ನಾನೂ ಹೇಳಿದ್ದೆ! ಮೈಕೈ ನೋವಿಗೆ? ನೆಗಡಿಗೆ? ಬಿ.ಪಿ.ಗೆ? ಹೊಟ್ಟೆ ಉರಿ ಇದೆಯಾ? ಅಂಗಡಿಯವರಿಗೆ ಇಷ್ಟೂ ಹೇಳಿ ತಗೋ. ಪಟ್ಟಿ ಕತ್ತರಿಸ್ಬೇಡ!"

ಇವಳು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಲೇ ಇದ್ದಳು. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಂದು ಕಾಲರು ಸುಟ್ಟ ವಾಸನೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆ ಎತ್ತಿಟ್ಟವಳು ನಾನೇ.