ಬೈಯುವ ಹಕ್ಕು

ಅಬಿಡ್ಸಿನಲ್ಲಿ ವಕೀಲಿಕೆ ಮಾಡುವ ಶಾಂಭವಿಯವರಿಗೆ ಕಕ್ಷಿದಾರರು ಬಹಳ ಜನ, ಆದರೆ ಸಂಗಣ್ಣನವರಂಥವರು ಒಬ್ಬರೇ. ಬೇಗಂ ಬಜಾರಿನಲ್ಲಿ ತೊಗರಿಬೇಳೆಯ ಸಗಟು ವ್ಯಾಪಾರ ಮಾಡುವ ಈ ಕಲಬುರಗಿಯವರು, ಕರಾರು ಮುರಿದು ಎದುರಿಗೇ ಬೇರೆ ಅಂಗಡಿ ಹಾಕಿದ ಹಳೆಯ ಪಾಲುದಾರ ಕಾಶಪ್ಪನ ಮೇಲೆ ದಾವೆ ಹೂಡಿದ್ದಾರೆ. ಆಫೀಸಿಗೆ ಬಂದವರೇ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, "ಅವ ಭಾಳ ಹರಾಮಿ ಅದಾನ್ರಿ ಮೇಡಂ" ಎಂದು ಶುರು ಮಾಡಿದರೆ ಚಹಾ ಆರಿ ಕೆನೆಗಟ್ಟಿದರೂ ನಿಲ್ಲಿಸುವುದಿಲ್ಲ. ಅಪ್ಪಿತಪ್ಪಿ ಶಾಂಭವಿ "ಆ ಮೋಸಗಾರ" ಎಂದರೋ, ಸಂಗಣ್ಣನವರ ಮುಖ ಗಂಟಿಕ್ಕುತ್ತದೆ: "ಹಂಗ ಅನಬ್ಯಾಡ್ರಿ. ಚೊಲೊ ಮನಿತಾನದಾಂವ ಅದಾನ." ವಕಾಲತ್ತಿಗೆ ಸಹಿ ಹಾಕಿದ್ದು ದಾವೆ ನಡೆಸಲಿಕ್ಕೆ, ಬೈಯುವ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ರಾಜಿ ಮಾತುಕತೆಯ ದಿನ ಕಾಶಪ್ಪ ಕೆಮ್ಮಿದಾಗ ಸಂಗಣ್ಣನವರು ತಮ್ಮ ಬೈಗುಳವನ್ನು ನಡುವೆಯೇ ನಿಲ್ಲಿಸಿ, "ಮೊದಲ ಆ ಎಸಿ ಬಂದ್ ಮಾಡ್ರಿ, ಅವಗ ಆಗಿಬರಂಗಿಲ್ಲ" ಎಂದರು. ಎಸಿ ನಿಂತದ್ದೇ ತಡ, ಮತ್ತೆ ಹರಾಮಿಯಿಂದಲೇ ಮುಂದುವರಿಸಿದರು. ರಾಜಿ ಆಗಲಿಲ್ಲ. ಮೊನ್ನೆ ಕೋರ್ಟಿನಲ್ಲಿ ಹೆಸರು ಎರಡು ಸಲ ಕೂಗಿದರೂ ಕಾಶಪ್ಪ ಬರಲಿಲ್ಲ, ಅವನ ವಕೀಲರೂ ಇಲ್ಲ. "ಗೆದ್ದಂಗ ಆತು ಕಾಕಾ. ಅವರು ಇಲ್ಲದನ ಕೇಸ್ ನಡಸ್ರಿ ಅಂತ ಜಡ್ಜರಿಗೆ ಕೇಳತೀನಿ" ಎಂದು ಪಿಸುಗುಟ್ಟಿ ಶಾಂಭವಿ ಏಳುವಷ್ಟರಲ್ಲಿ ಸಂಗಣ್ಣನವರು ಹಿಂದಿನಿಂದ ಅವರ ಕರಿಕೋಟಿನ ತುದಿ ಹಿಡಿದು ಜಗ್ಗಿದರು. ಕಣ್ಣು ಬಾಗಿಲ ಕಡೆಗೇ ಇತ್ತು. "ಮುಂದಿನ ತಾರೀಖು ತಗೋರಿ ಮೇಡಂ. ಅವ ಇಲ್ಲದ ನಾ ಯಾರ ಜೋಡಿ ಜಗಳಾ ಆಡ್ಲಿ?"