ಎಸ್ಕಲೇಟರ್ ಬುಡದ ಪುಟ್ಟಮಲ್ಲಮ್ಮ

ಮೈಸೂರಿನ ಆ ಮಾಲ್ ಬಾಗಿಲು ತೆರೆಯುವ ಮುಂಚೆಯೇ ಪುಟ್ಟಮಲ್ಲಮ್ಮ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಊರು ಬಿಳಿಕೆರೆ. ಗಂಡ ಮಲ್ಲೇಶ್ ಹೆದ್ದಾರಿ ಪಕ್ಕ ಪಂಚರ್ ಅಂಗಡಿ ಇಟ್ಟಿದ್ದ. ಹುಣಸೂರು ಕಡೆಯಿಂದ ಬರುವ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ನೀಲಿ ಕೋಟು ತೊಟ್ಟು ಕೆಳ ಅಂತಸ್ತಿನ ನೆಲ ಒರೆಸುವುದು ಅವಳ ಕೆಲಸ.

ಕೆಲಸ ಸಿಕ್ಕಿದ್ದನ್ನು ಮನೆಯಲ್ಲಿ ಹೇಳಿದಾಗ ಮಾವ ಶಿವನಂಜಪ್ಪ, ಜಾಗ ಯಾವುದು ಎಂದು ಕೇಳಿದರು. ಅವಳು ಗುರುತು ಹೇಳಿದಳು.

“ಅದು ಎಣ್ಣೆ ಮಿಲ್ಲಿದ್ದ ಜಾಗ ಕಣವ್ವ,” ಎಂದರು. “ಕಡ್ಲೆಕಾಯಿ ಮೂಟೆ ಹೇರ್ಕೊಂಡು ಅಲ್ಲಿಗೇ ಹೋಯ್ತಿದ್ದೊ. ತೂಕ ಆಗೋಗಂಟ ಬೇವಿನ ಮರದ ಕೆಳ್ಗೆ ಮಲಗ್ತಿದ್ದೊ.”

ಮಿಲ್ಲು ನಿಂತ ಮೇಲೆ ಜಾಗ ಬಹಳ ಕಾಲ ಪಾಳು ಬಿದ್ದಿತ್ತು. ಮಾಲೀಕರ ಮಕ್ಕಳು ಅದನ್ನು ಮಾರಿದರು. ಕೊಂಡ ಕಂಪನಿ ಗೋಡೆಗಳನ್ನೆಲ್ಲ ಕೆಡವಿ ಇಟ್ಟಿಗೆಯ ಚಿಮಣಿಯನ್ನು ಮಾತ್ರ ಉಳಿಸಿಕೊಂಡು, ಸುತ್ತ ದೀಪ ಹಾಕಿ, ಮುಂಬಾಗಿಲಿನ ಅಂದಕ್ಕೆ ಇಟ್ಟುಕೊಂಡಿತು. ಒಳಗೆ ನಡುವೆ ಚಾವಣಿವರೆಗೂ ತೆರೆದ ದೊಡ್ಡ ಅಂಗಳ, ಮೇಲೆ ಗಾಜು, ಸುತ್ತ ಮೂರು ಅಂತಸ್ತಿನಲ್ಲಿ ಅಂಗಡಿಗಳು: ವಾಚು, ಸೆಂಟು, ಚರ್ಮದ ಬ್ಯಾಗು, ಮದುವೆ ಸೀರೆ. ಹೊರಗೋಡೆಗೆ ಕಿಟಕಿಯೇ ಇರಲಿಲ್ಲ. ಹತ್ತುವ ಎಸ್ಕಲೇಟರ್ ಅಂಗಳದ ಒಂದು ತುದಿಗೆ, ಇಳಿಯುವುದು ಇನ್ನೊಂದು ತುದಿಗೆ. ಲಿಫ್ಟು ದೂರದ ಮೂಲೆಯಲ್ಲಿ. ಮೆಟ್ಟಿಲೂ ಇತ್ತು, ಆದರೆ ಹಿಂಬದಿಯ ಬೂದು ಬಣ್ಣದ ಬಾಗಿಲಿನಾಚೆ. ಹೆಚ್ಚುಕಡಿಮೆ ಕೆಲಸದವರಷ್ಟೇ ಅದನ್ನು ಬಳಸುತ್ತಿದ್ದರು. ಪುಟ್ಟಮಲ್ಲಮ್ಮ ಮೇಲೆ ಹೋಗಬೇಕಾದಾಗ ಆ ಬಾಗಿಲನ್ನೇ ಹಿಡಿಯುತ್ತಿದ್ದಳು. ಎಸ್ಕಲೇಟರ್ ಮೇಲೆ ಕಾಲಿಡಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಮೊದಲ ಶ್ರಾವಣದಲ್ಲಿ ಎಚ್.ಡಿ. ಕೋಟೆ ಕಡೆಯ ಮದುವೆ ಮನೆಯವರು ಸೀರೆ ತೆಗೆಯಲು ಬಂದರು. ಹುಡುಗಿಯರೆಲ್ಲ ಸರಸರ ಎಸ್ಕಲೇಟರ್ ಹತ್ತಿ ಮೇಲೆ ಹೋದರು. ಹಿಂದೆ ಉಳಿದವರು ಮದುಮಗಳ ಅಜ್ಜಿ ಚಿಕ್ಕಸಿದ್ದಮ್ಮ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇದ್ದಾಗ ಅವರು ಆಯ ತಪ್ಪಿ ಕುಕ್ಕರಿಸಿದರು. ಸೀರೆಯ ನೆರಿಗೆ ಪಕ್ಕದ ಸಂದಿಗೆ ಸಿಕ್ಕಿಕೊಂಡಿತು. ಹತ್ತಿರದಲ್ಲೇ ನೆಲ ಒರೆಸುತ್ತಿದ್ದ ಪುಟ್ಟಮಲ್ಲಮ್ಮ ಓಡಿಬಂದು ಬುಡದ ಕೆಂಪು ಬಟನ್ ಒತ್ತಿದಳು. ಎಸ್ಕಲೇಟರ್ ನಿಂತಿತು. ಸೀರೆಯ ಅಂಚು ಹರಿದಿತ್ತು, ಮಂಡಿ ತರಚಿತ್ತು, ಅಷ್ಟೆ.

“ಬರಾಕಿಲ್ಲ ಅಂದೆ. ಎಳ್ಕೊಂಡ್ ಬಂದ್ರು,” ಎಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ.

“ಏನೂ ಆಗಿಲ್ಲ ಬುಡವ್ವ. ಸೀರೆ ನೋಡ್ಬೇಕು ತಾನೆ? ನಂಜೊತೆ ಬನ್ನಿ,” ಎಂದ ಪುಟ್ಟಮಲ್ಲಮ್ಮ, ನೀರು ಕುಡಿಸಿ, ಲಿಫ್ಟೂ ಬೇಡವೆಂದ ಅವರನ್ನು ಬೂದು ಬಾಗಿಲಿನ ಮೆಟ್ಟಿಲಲ್ಲಿ ನಿಧಾನವಾಗಿ ಹತ್ತಿಸಿಕೊಂಡು ಹೋದಳು. ಧಾರೆ ಸೀರೆಯನ್ನು ಅಜ್ಜಿಯೇ ಆರಿಸಿದರು.

ಆ ವಾರವೇ ಕಂಪನಿಯವರು ಕಟ್ಟಡದ ನಕ್ಷೆ ಮಾಡಿದ್ದ ಕಾವ್ಯಶ್ರೀಯನ್ನು ಕರೆಸಿದರು. ಆಕೆ ನಡೆದದ್ದನ್ನು ಪುಟ್ಟಮಲ್ಲಮ್ಮನ ಬಾಯಿಂದಲೇ ಕೇಳಿದಳು.

“ಮೆಟ್ಲು ಕಣ್ಗೆ ಕಾಣೋ ಅಂಗೆ ಇದ್ದಿದ್ರೆ ಆ ಅವ್ವ ಅದ್ರಲ್ಲೇ ಹೋಗೋರು ಮೇಡಂ,” ಎಂದಳು ಪುಟ್ಟಮಲ್ಲಮ್ಮ.

ಕಾವ್ಯಶ್ರೀ ಮುಚ್ಚಿಡಲಿಲ್ಲ. “ಕಾಣೋ ಹಾಗಿಟ್ರೆ ಜನ ಹತ್ತಿ, ಬೇಕಾದ್ದು ತಗೊಂಡು, ಹಾಗೇ ಇಳಿದು ಹೋಗ್ತಾರೆ. ಈಗ ಇಳಿಯೋಕೆ ಆ ತುದಿಗೆ ಹೋಗ್ಬೇಕಲ್ವಾ? ದಾರೀಲಿ ಎಲ್ಲ ಅಂಗಡೀನೂ ಕಣ್ಣಿಗೆ ಬೀಳುತ್ತೆ. ಮೂಲೆ ಅಂಗಡಿಯವರಿಗೂ ವ್ಯಾಪಾರ ಆಗ್ಬೇಕಲ್ಲ.”

ಸಂತೆಯಲ್ಲಿ ಕೊನೆಯ ಸಾಲಿಗೆ ಕೂತವರ ಪಾಡನ್ನು ಪುಟ್ಟಮಲ್ಲಮ್ಮ ನೋಡಿದ್ದಳು. “ಅದೂ ಸರಿಯೇ,” ಎಂದಳು.

ಎಸ್ಕಲೇಟರ್ ಮೆಟ್ಟಿಲುಗಳ ಅಂಚಿಗೆ ಹಳದಿ ಪಟ್ಟಿ ಬಳಿಸುವುದು, ಬುಡದಲ್ಲಿ ಒಬ್ಬರನ್ನು ನಿಲ್ಲಿಸುವುದು ಎಂದು ತೀರ್ಮಾನವಾಯಿತು. ನಿಲ್ಲಲು ಅವಳನ್ನೇ ಕೇಳಿದರು.

“ನಾನೇ ಇನ್ನೂ ಹತ್ತಿಲ್ಲ ಮೇಡಂ. ಎದ್ರಿಕೆ.”

ಮರುದಿನ ಗಿರಾಕಿಗಳು ಬರುವ ಮುಂಚೆ ಕಾವ್ಯಶ್ರೀ ಅವಳ ಕೈ ಹಿಡಿದು ಹತ್ತಿಸಿದಳು, ಇಳಿಸಿದಳು. ಮೊದಲ ಸಲ ಪುಟ್ಟಮಲ್ಲಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲಾಮೇಲೆ ಒಬ್ಬಳೇ ಹೋಗಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಅದು ಬೇಜಾರಾಗಿತ್ತು.

ಅಲ್ಲಿಂದ ನಾಲ್ಕು ವರ್ಷ ಅವಳು ಎಸ್ಕಲೇಟರ್ ಬುಡದಲ್ಲಿ ನಿಂತಳು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದ ಬಂದ ಹೆಂಗಸರು ಬಾಯಿಬಿಟ್ಟು ಹೇಳದಿದ್ದರೂ, ಬ್ಯಾಗಿನಲ್ಲಿ ಏನೋ ಹುಡುಕುತ್ತ ಹಿಂದೆ ನಿಲ್ಲುವುದನ್ನು ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತು. ಹತ್ತಿರ ಹೋಗಿ, “ನೆರಿಗೆ ಎತ್ತಿ ಇಡ್ಕಳಿ. ಕಾಲ್ ನೋಡ್ಬ್ಯಾಡಿ, ನನ್ ಮಖ ನೋಡಿ,” ಎನ್ನುತ್ತಿದ್ದಳು. ಕೆಲವರು ಮೇಲೆ ಮುಟ್ಟಿದ ಮೇಲೂ ಅವಳ ಕೈ ಬಿಡುತ್ತಿರಲಿಲ್ಲ. ಮೀಸೆ ಹೊತ್ತ ಗಂಡಸರೂ ಹೆದರುತ್ತಿದ್ದರು. ಅವರಿಗೆ ಲಿಫ್ಟು ತೋರಿಸಿ ಸುಮ್ಮನಾಗುತ್ತಿದ್ದಳು.

ಒಮ್ಮೆ ಶಿವನಂಜಪ್ಪ ಬಂದರು. ಸೊಸೆಯ ಕೆಲಸವನ್ನು ಸ್ವಲ್ಪ ಹೊತ್ತು ನೋಡಿ, ಅಂಗಳದ ನಡುವೆ ಹೋಗಿ ನಿಂತರು. ಮಿಲ್ಲಿನ ತೂಕದ ಕಟ್ಟೆ ಎಲ್ಲಿತ್ತೆಂದು ಹುಡುಕುತ್ತಿದ್ದರು.

“ಮೂಡ್ಲು ಯಾವ ಕಡೀಕವ್ವ?”

ಅವಳೂ ಸುತ್ತ ನೋಡಿದಳು. ಅಷ್ಟು ದಿನ ಅಲ್ಲೇ ನಿಂತಿದ್ದರೂ ಹೇಳಲಾಗಲಿಲ್ಲ. “ಒಳ್ಗೆ ಗೊತ್ತಾಗಕಿಲ್ಲ ಮಾವ.”

“ಓಗ್ಲಿ ಬುಡು. ತಣ್ಣಗದೆ,” ಎಂದು ಅವರು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಗಳಿಗೆ ನಿದ್ದೆ ಮಾಡಿದರು.

ಕಳೆದ ವರ್ಷ ಕಂಪನಿ ಮಾಲನ್ನು ಹೊಸದಾಗಿ ಅಣಿಗೊಳಿಸಿತು. ಅಂಗಳದ ನಡುವೆ ಅಗಲವಾದ ಕಲ್ಲಿನ ಮೆಟ್ಟಿಲು ಬಂತು. ಜನರಿಗೆ ಕೂರಲು ಜಾಗ ಇದ್ದರೆ ಹೆಚ್ಚು ಹೊತ್ತು ಉಳಿಯುತ್ತಾರೆ ಎಂಬುದು ಈಗಿನ ಲೆಕ್ಕಾಚಾರವಂತೆ. ಎಸ್ಕಲೇಟರ್‌ಗೆ ಹೆದರುವವರೂ ಕಡಿಮೆಯಾಗಿದ್ದರು. ಬುಡದಲ್ಲಿ ಆಳು ಬೇಡ ಎಂದಾಯಿತು. ಪುಟ್ಟಮಲ್ಲಮ್ಮನಿಗೆ ಮತ್ತೆ ನೆಲ ಒರೆಸುವ ಕೆಲಸ ಕೊಟ್ಟರು. ಅವಳು ಯಾರೊಡನೆಯೂ ಜಗಳವಾಡಲಿಲ್ಲ. ಎರಡು ವಾರ ಒರೆಸಿದಳು. ಜನರನ್ನು ಮಾತಾಡಿಸದೆ ಹೊತ್ತು ಹೋಗುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಹೇಳಿದಾಗ ಮಲ್ಲೇಶ್, ಹುಣಸೂರಿನ ಹೊಸ ಬಟ್ಟೆ ಅಂಗಡಿಗೆ ಜನ ಬೇಕಂತೆ ಎಂದ.

ಈಗ ಅವಳು ಅಲ್ಲಿ ಲಿಫ್ಟ್ ನೋಡಿಕೊಳ್ಳುತ್ತಾಳೆ. ಮೂಲೆಯಲ್ಲೊಂದು ಸ್ಟೂಲು ಇದೆ. ಬಂದವರ ಊರು ಕೇಳುತ್ತಾಳೆ, ಮದುವೆ ಯಾರದ್ದೆಂದು ಕೇಳುತ್ತಾಳೆ, ರೇಷ್ಮೆ ಮೇಲೆ, ಮಕ್ಕಳ ಬಟ್ಟೆ ಕೆಳಗೆ ಎಂದು ಹೇಳಿ ಬಾಗಿಲು ಹಾಕುತ್ತಾಳೆ.